ಏರ್ ರೈಫಲ್‌ನ ಮರ ಸೀಳಿದ್ರೆ ಫೆವಿಕಾಲ್ ಸಾಕಾ?

ಮೂಡಿಗೆರೆಯ ತೋಟದ ಮನೆಯಲ್ಲಿ ಅಟ್ಟದಿಂದ ಬಿದ್ದು, ಅಪ್ಪನ ಹಳೇ ಏರ್ ರೈಫಲ್ ಹಿಡಿಯ ಹತ್ತಿರ ಸೀಳಿದೆ, ಫೆವಿಕಾಲ್ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಮಾಮೂಲಿ ಬಿಳಿ ಅಂಟು ಮೆತ್ತಗಾಗುತ್ತದೆ. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಅಂಟು ತನ್ನಿ, ಐದು ನಿಮಿಷದಲ್ಲಿ ಗಟ್ಟಿಯಾಗುವುದಲ್ಲ.

ಮೊದಲು ಒಳಗೆ ಗುಂಡಿಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ನೋಡಿಕೊಳ್ಳಿ. ಸ್ಕ್ರೂ ಬಿಚ್ಚಿ ನಳಿಗೆಯ ಭಾಗವನ್ನು ಮರದಿಂದ ಪೂರ್ತಿ ಬೇರೆ ಮಾಡಿ. ಸ್ಪ್ರಿಂಗ್ ಇರುವ ಕೊಳವೆ ಮಾತ್ರ ಬಿಚ್ಚಬೇಡಿ, ಸಿಡಿದರೆ ಬೆರಳು ಹೋಗುತ್ತದೆ.

ಜಾಸ್ತಿ ಜನ ಸೋಲುವುದು ಎಣ್ಣೆಯ ವಿಷಯದಲ್ಲಿ. ಹಳೇ ಮರ ವರ್ಷಗಟ್ಟಲೆ ಗನ್ ಎಣ್ಣೆ ಕುಡಿದಿರುತ್ತದೆ, ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಸೀಳನ್ನು ಮೆಲ್ಲಗೆ ಅಗಲಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅಸಿಟೋನ್ ಹಚ್ಚಿ ಒರೆಸಿ. ಬಟ್ಟೆಗೆ ಕಲೆ ಬರುವುದು ನಿಲ್ಲುವ ತನಕ ಮಾಡಿ. ಒಲೆಯ ಹತ್ತಿರ ಮಾತ್ರ ಬೇಡ, ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಮೇಲೆ ಅಂಟನ್ನು ಸೀಳಿನ ಆಳಕ್ಕೆ ಇಳಿಸಿ, ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ. ಕ್ಲ್ಯಾಂಪಿಗಿಂತ ಅದೇ ವಾಸಿ, ಉಬ್ಬುತಗ್ಗಿಗೆ ಸರಿಯಾಗಿ ಕೂರುತ್ತದೆ. ಒಂದು ದಿನ ಮುಟ್ಟಬೇಡಿ. ಆಮೇಲೆ ಮರಳು ಕಾಗದ, ಅಗಸೆ ಎಣ್ಣೆ, ಅಷ್ಟೇ.

ಇದೆಲ್ಲ ಏರ್ ರೈಫಲ್ ಮಾತು. ಲೈಸೆನ್ಸ್ ಬಂದೂಕಾದರೆ ಮನೆಯಲ್ಲಿ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿಗೂ ಬೇರೆ ಲೈಸೆನ್ಸ್ ಬೇಕು. ಅಂದಹಾಗೆ ಮರ ಬೀಟೆಯಾ, ತೇಗವಾ? ಒಂದು ಫೋಟೋ ಹಾಕಿ.