ಅಲ್ಲಿ ಸಂಡಾಸಕ್ಕ ಹೆಂಗ ಹೋಗತಾರ್ರೀ?

ಇಳಕಲ್ಲಿನಿಂದ ಅಂಗನವಾಡಿಯ ಅಕ್ಕೋರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯ ಬಾಹ್ಯಾಕಾಶ ಲೇಖನವನ್ನು ಮಕ್ಕಳಿಗೆ ಓದಿ ಹೇಳಿದೆ. ರಾಕೆಟ್ಟಿನ ತೂಕ, ವೇಗ ಮುಗಿಯುವುದರೊಳಗೆ ಅರ್ಧ ಮಕ್ಕಳು ಎದ್ದು ಹೋದವು. ಒಬ್ಬ ಹುಡುಗ ಮಾತ್ರ 'ಅಲ್ಲಿ ಸಂಡಾಸಕ್ಕ ಹೆಂಗ ಹೋಗತಾರ್ರೀ?' ಅಂದ. ಎಲ್ಲರೂ ನಕ್ಕರು. ನನಗೂ ಗೊತ್ತಿರಲಿಲ್ಲ, ಬೈದು ಕೂಡ್ರಿಸಿದೆ."

ಸಂಪಾದಕರ ಉತ್ತರ:

ಅಕ್ಕೋರೆ, ತಪ್ಪು ನಮ್ಮದು. ಆ ಹುಡುಗ ಕೇಳಿದ್ದೇ ಲೇಖನದ ಮೊದಲ ಸಾಲಾಗಬೇಕಿತ್ತು. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ತಂಬಿಗೆ ನೀರು ಸುರಿದರೆ ಕೆಳಗೆ ಬೀಳದು, ಉಂಡೆಯಾಗಿ ತೇಲುತ್ತದೆ. ಹೀಗಾಗಿ ಸಂಡಾಸಿನಲ್ಲಿ ನೀರಿನ ಕೆಲಸವನ್ನು ಗಾಳಿ ಮಾಡುತ್ತದೆ, ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮೂತ್ರ, ಬೆವರನ್ನು ಶುದ್ಧ ಮಾಡಿ ಮತ್ತೆ ಕುಡಿಯುತ್ತಾರೆ. (ಇದನ್ನು ಊಟದ ಹೊತ್ತಿಗೆ ಹೇಳಬೇಡಿ.)

ಆಮೇಲೆ ಒಂದು ಕಟಕ ರೊಟ್ಟಿ ತಂದು ಮಕ್ಕಳೆದುರು ಮುರಿಯಿರಿ. ಇಲ್ಲಿ ಚೂರು ನೆಲಕ್ಕೆ ಬಿದ್ದರೆ ಇರುವೆಗಳಿಗೆ ಹಬ್ಬ. ಅಲ್ಲಾದರೆ ತೇಲಿಕೊಂಡು ಕಣ್ಣಿಗೆ, ಮೂಗಿಗೆ, ಯಂತ್ರದ ಸಂದಿಗೆ ಹೋಗುತ್ತವೆ. ಅದಕ್ಕೇ ಗಗನಯಾತ್ರಿಗಳು ಬ್ರೆಡ್ಡು ಬಿಟ್ಟು ನಮ್ಮ ಚಪಾತಿಯಂಥ ಟಾರ್ಟಿಯಾ ತಿನ್ನುತ್ತಾರೆ, ಉಪ್ಪನ್ನೂ ನೀರಿನಲ್ಲಿ ಕರಗಿಸಿಯೇ ಹಾಕಿಕೊಳ್ಳುತ್ತಾರೆ. ಹಾಗಾದರೆ ಶೇಂಗಾ ಚಟ್ನಿಪುಡಿಯ ಗತಿ? ಅದನ್ನು ಮಕ್ಕಳೇ ಹೇಳಲಿ.

2025ರಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಆ ನಿಲ್ದಾಣಕ್ಕೆ ಹೋದಾಗ ಗಜ್ಜರಿ ಹಲ್ವಾ ಒಯ್ದಿದ್ದರು. ಜೊತೆಗೆ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರು, ಮೆಂತ್ಯದ ಕಾಳೂ ಹೋಗಿದ್ದವು, ಅಲ್ಲಿ ಮೊಳಕೆ ಒಡೆಯುವುದನ್ನು ನೋಡಲು. ನೀವೂ ಒಂದು ಹಿಡಿ ಹೆಸರು ನೆನೆಹಾಕಿ.

ಮಲಗುವುದು ಗೋಡೆಗೆ ಕಟ್ಟಿದ ಚೀಲದೊಳಗೆ. ದಿನಕ್ಕೆ 16 ಸಲ ಸೂರ್ಯ ಹುಟ್ಟುವುದರಿಂದ ಕೋಳಿ ಕೂಗಿಗೆ ಏಳುವ ಮಾತೇ ಇಲ್ಲ, ಗಡಿಯಾರವೇ ಗತಿ.

ನಮ್ಮ ಲೇಖನದ ಇನ್ನೊಂದು ತಪ್ಪನ್ನು ನೀವು ಹಿಡಿದಿಲ್ಲ, ನಾವೇ ಒಪ್ಪಿಕೊಳ್ಳುತ್ತೇವೆ. 'ಅಲ್ಲಿ ಭೂಮಿಯ ಸೆಳೆತ ಇಲ್ಲ' ಎಂದು ಬರೆದಿದ್ದೆವು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ನೆಲದ ಮೇಲಿನ ಸೆಳೆತದ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೂ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ, ಆದರೆ ಅಡ್ಡ ಓಟ ಅಷ್ಟು ಜೋರು ಇರುವುದರಿಂದ ನೆಲ ಸಿಗುವುದಿಲ್ಲ, ಭೂಮಿಯನ್ನೇ ಸುತ್ತುತ್ತಾರೆ. ಐದು ವರ್ಷದವರಿಗೆ ಇದೆಲ್ಲ ಬೇಡ. ಪಂಚಮಿಯ ಜೋಕಾಲಿ ಜೋರಾಗಿ ಜೀಕಿದಾಗ, ಮೇಲೆ ಹೋಗಿ ಮರಳುವ ಗಳಿಗೆಯಲ್ಲಿ ಹೊಟ್ಟೆಯೊಳಗೆ ಝುಂ ಅನ್ನುತ್ತದಲ್ಲ, ಗಗನಯಾತ್ರಿಗಳಿಗೆ ಇಡೀ ದಿನ ಹಾಗೇ ಅನ್ನಿ, ಸಾಕು.

ಬೈಸಿಕೊಂಡ ಹುಡುಗನಿಗೆ ನಮ್ಮ ಲೆಕ್ಕದಲ್ಲಿ ಒಂದು ಶೇಂಗಾ ಉಂಡಿ ಕೊಡಿ. ಅವನ ಮುಂದಿನ ಪ್ರಶ್ನೆ ಏನೆಂದು ಬರೆದು ತಿಳಿಸಿ.