ರಫ್ ನೋಟ್‌ಬುಕ್ಕಿನ ಪರವಾಗಿ

ಪತ್ರ: ನನ್ನ ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಪ್ರಥಮ ಪಿಯುಸಿ ಸೈನ್ಸ್. ಲೆಕ್ಚರರ್ ಇಂಗ್ಲಿಷ್‌ನಲ್ಲಿ ಹೇಳುವ ವೇಗಕ್ಕೆ ಬರೆದುಕೊಳ್ಳಲು ಅವಳಿಗೆ ಆಗುತ್ತಿಲ್ಲ. ಗೆಳತಿಯ ನೋಟ್ಸ್ ಜೆರಾಕ್ಸ್ ಮಾಡಿಸುತ್ತಾಳೆ, ಉಳಿದದ್ದು ವಾಟ್ಸಾಪ್ ಗ್ರೂಪಿನ ಪಿಡಿಎಫ್. ಕಾರ್ನೆಲ್ ಮೆಥಡ್, ಮೈಂಡ್ ಮ್ಯಾಪ್ ಅಂತ ಏನೇನೋ ಇವೆಯಂತೆ. ಯಾವುದು ಒಳ್ಳೆಯದು? ಟ್ಯಾಬ್ ಕೊಡಿಸಲೇ? ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಸಹಾಯ ಮಾಡಲು ಆಗದೆ ಸಂಕಟವಾಗುತ್ತದೆ.
– ಓದುಗರೊಬ್ಬರು, ತಿಪಟೂರು

ಉತ್ತರ: ತಾಯಿ, ಮೊದಲು ಟ್ಯಾಬ್ ವಿಷಯ ಮುಗಿಸಿಬಿಡೋಣ. ಕೈನೋವಿನಿಂದ ಬರೆಯಲಾಗದ ಮಕ್ಕಳಿಗೆ, ಕಣ್ಣು ಮಂದವಿದ್ದು ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕಾದವರಿಗೆ ಅದು ನಿಜಕ್ಕೂ ಉಪಕಾರಿ. ನಿಮ್ಮ ಮಗಳಿಗೆ ಆ ತೊಂದರೆ ಇಲ್ಲ ಅಲ್ವಾ? ಹಾಗಾದರೆ ದುಡ್ಡು ಉಳಿಸಿ. ಇನ್ನೂರು ಪುಟದ ನಾಲ್ಕು ನೋಟ್‌ಬುಕ್, ಒಂದು ಇಂಗ್ಲಿಷ್–ಕನ್ನಡ ನಿಘಂಟು ತನ್ನಿ. ಸಾಕು.

2014ರಲ್ಲಿ ಪಾಮ್ ಮ್ಯುಲರ್, ಡೇನಿಯಲ್ ಒಪ್ಪೆನ್‌ಹೈಮರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ನೋಟ್ಸ್ ಕೈಯಲ್ಲಿ ಬರೆಯುವುದು ಮೇಲೋ, ಟೈಪ್ ಮಾಡುವುದು ಮೇಲೋ ಅಂತ ಪರೀಕ್ಷೆ ಮಾಡಿ ನೋಡಿದರು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವರು ಜಾಸ್ತಿ ಬರೆದುಕೊಂಡಿದ್ದರು, ಆದರೆ ಕೇಳಿದ ಮಾತನ್ನೇ ಹಾಗೆಹಾಗೇ ಇಳಿಸಿದ್ದರು. ಅರ್ಥ ಕೆದಕುವ ಪ್ರಶ್ನೆ ಬಂದಾಗ ಕೈಯಲ್ಲಿ ಬರೆದವರೇ ಮುಂದಿದ್ದರು. 2021ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಅಂಕಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಟೈಪ್ ಮಾಡುವವರು ಮಾತನ್ನು ಹಾಗೇ ಇಳಿಸುತ್ತಾರೆ ಎನ್ನುವುದು ಆಗಲೂ ಕಂಡಿತು. ನನ್ನ ಭಯ ಇರುವುದು ಅಲ್ಲೇ. ಕೈ ನಿಧಾನ. ನಿಧಾನವಾದ್ದರಿಂದ ಯಾವುದು ಬೇಕು, ಯಾವುದು ಬೇಡ ಅಂತ ತಲೆ ಆರಿಸಿಕೊಳ್ಳಲೇಬೇಕಾಗುತ್ತದೆ.

ಇನ್ನು ಮೆಥಡ್. ಮೈಂಡ್ ಮ್ಯಾಪ್ ಅಂದರೆ ಮುಖ್ಯ ವಿಷಯವನ್ನು ನಡುವೆ ಬರೆದು, ಉಳಿದದ್ದನ್ನು ಸುತ್ತ ಕೊಂಬೆಗಳ ಹಾಗೆ ಹರಡುವ ಚಿತ್ರ. ಅದು ಪಾಠ ಮುಗಿದ ಮೇಲೆ ಪುನರಾವರ್ತನೆಗೆ ಚೆನ್ನ, ಪಾಠ ನಡೆಯುವಾಗ ಕಷ್ಟ. ಕಾರ್ನೆಲ್ ನನಗೂ ಇಷ್ಟ. 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ್ದು. ಪುಟದ ಎಡಕ್ಕೆ ಎರಡೂವರೆ ಇಂಚು ಬಿಟ್ಟು ಗೆರೆ ಎಳೆಯಬೇಕು. ಕೆಳಗೂ ಎರಡು ಇಂಚು ಬಿಡಬೇಕು. ಕ್ಲಾಸಿನಲ್ಲಿ ಬಲಗಡೆ ಮಾತ್ರ ಬರೆಯುವುದು. ಸಂಜೆ ಎಡಗಡೆ ಅದರ ಮೇಲೆ ಪ್ರಶ್ನೆ ಹಾಕುವುದು, ಕೆಳಗೆ ಎರಡು ಸಾಲಿನ ಸಾರಾಂಶ. ಆಮೇಲೆ ಬಲಭಾಗ ಮುಚ್ಚಿಕೊಂಡು ಎಡಗಡೆಯ ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳುವುದು. ಇಷ್ಟೇ.

ಆದರೆ ಗೆರೆ ಎಳೆದ ಮಾತ್ರಕ್ಕೆ ಏನೂ ಆಗದು. ಆ ಬಲಗಡೆ ಯಾರ ಮಾತು ಇದೆ?

ನಮ್ಮ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಹಳದಿಯಾದ ಹಾಳೆ ತಂದು 'ಕಾಮಾ', 'ಫುಲ್‌ಸ್ಟಾಪ್' ಸಮೇತ ಬರೆಸುತ್ತಿದ್ದರು. ನಾನೂ ಬರೆದೆ, ಎರಡು ವರ್ಷ. ನನ್ನ ಪಕ್ಕ ಕೂರುತ್ತಿದ್ದ ಹಳ್ಳಿ ಹುಡುಗ ಮಾತ್ರ ಹಿಂದಿನ ಪುಟದಿಂದ ಇನ್ನೊಂದು ನೋಟ್ಸ್ ಶುರು ಮಾಡಿದ್ದ. ಒಂದು ದಿನ ಇಸಿದುಕೊಂಡು ನೋಡಿದೆ. ಮೊಮೆಂಟಮ್ ಅಂತ ಇಂಗ್ಲಿಷ್‌ನಲ್ಲಿ ಬರೆದು, ಪಕ್ಕದಲ್ಲಿ 'ಸಂವೇಗ'. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಲಾರಿ, ಒಂದು ಕ್ರಿಕೆಟ್ ಬಾಲ್. 'ಲಾರಿ ಮೆಲ್ಲಗೆ ಬಂದ್ರೂ ತಡೆಯಕ್ಕಾಗಲ್ಲ, ತೂಕ ಇದೆ. ಬಾಲ್ ಹಗುರ, ಆದ್ರೂ ಕೈ ಉರಿಯುತ್ತೆ, ಸ್ಪೀಡ್ ಇದೆ. ಎರಡನ್ನೂ ಗುಣಿಸು.' ಅಷ್ಟೇ ಬರೆದಿದ್ದ. ನನ್ನ ನೋಟ್ಸಿನಲ್ಲಿ ಅದೇ ವಿಷಯ ಅರ್ಧ ಪುಟ ಇತ್ತು, ಅಚ್ಚುಕಟ್ಟಾಗಿ, ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದು. ಅದರಲ್ಲಿ ಇವತ್ತು ಒಂದು ಸಾಲೂ ನೆನಪಿಲ್ಲ. ಲಾರಿ ಮಾತ್ರ ನೆನಪಿದೆ.

ನಿಮ್ಮ ಮಗಳಿಗೆ ನಾನು ಹೇಳುವುದು ಇದೇ. ಕನ್ನಡದಲ್ಲಿ ಬರೆದುಕೊಳ್ಳಲಿ. ಪಾರಿಭಾಷಿಕ ಪದ, ಸೂತ್ರ ಇಂಗ್ಲಿಷ್‌ನಲ್ಲಿರಲಿ, ಉಳಿದದ್ದೆಲ್ಲ ಅವಳ ಮಾತಿನಲ್ಲಿ. ಅವಳಿಗೆ ಆಗದೇ ಇರುವುದು ಬರೆಯುವ ಕೆಲಸ ಅಲ್ಲ. ಕೇಳುವುದು, ಇಂಗ್ಲಿಷ್ ಕಾಗುಣಿತ ನೋಡಿಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ಮೂರನ್ನೂ ಒಟ್ಟಿಗೆ ಮಾಡು ಅಂದರೆ ಯಾವ ಮಗುವಿಗೆ ಆಗುತ್ತೆ? ಪರೀಕ್ಷೆ ಇಂಗ್ಲಿಷ್‌ನಲ್ಲಿ ಬರೆಯಬೇಕಲ್ಲ ಅಂತೀರಿ. ಬರೆಯಲಿ. ಸಂಜೆ ಕೂತು ನಿಘಂಟು ಇಟ್ಟುಕೊಂಡು ಒಂದೊಂದೇ ಉತ್ತರ ಇಂಗ್ಲಿಷ್‌ಗೆ ತಂದುಕೊಳ್ಳಲಿ. ಅರ್ಥವಾದದ್ದನ್ನು ಇನ್ನೊಂದು ಭಾಷೆಗೆ ತರಬಹುದು. ಅರ್ಥವಾಗದ್ದನ್ನು ಉರು ಹೊಡೆಯಬಹುದು, ಅಷ್ಟೇ.

ವಿಜ್ಞಾನಿ ಮೈಕೆಲ್ ಫ್ಯಾರಡೆ ಗೊತ್ತಲ್ಲ? ಕಮ್ಮಾರನ ಮಗ, ಹೆಚ್ಚು ಶಾಲೆ ಕಂಡವನಲ್ಲ. ಲಂಡನ್ನಿನಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಅಂಗಡಿಯಲ್ಲಿದ್ದ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಆಗಿನ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಕೂತಲ್ಲೇ ಗೀಚಿಕೊಂಡ. ಮನೆಗೆ ಬಂದು ಬಿಡಿಸಿ ಬರೆದ, ಚಿತ್ರ ಹಾಕಿದ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮುಂದಿನ ವರ್ಷ ಆ ಉಪನ್ಯಾಸಗಳು ನಡೆದಿದ್ದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲೇ ಕೆಲಸ ಸಿಕ್ಕಿತು. ನಾವು ಇವತ್ತು ಸ್ವಿಚ್ ಒತ್ತಿದರೆ ದೀಪ ಹತ್ತುವುದರ ಹಿಂದೆ ಆ ಹುಡುಗನ ಮುಂದಿನ ಕೆಲಸ ಇದೆ.

ನಮ್ಮಲ್ಲಾದರೆ ಆ ಗೀಚಿದ ಹಾಳೆಗೆ ಬೆಲೆಯೇ ಇಲ್ಲ. 'ಫೇರ್ ನೋಟ್ಸ್ ಎಲ್ಲಿ?' ಅಂತ ಕೇಳುತ್ತೇವೆ. ಕರೆಕ್ಷನ್ ದಿನ ನಲವತ್ತು ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ ಇರುತ್ತದೆ, ನಲವತ್ತಕ್ಕೂ ರೈಟ್ ಬೀಳುತ್ತದೆ. ತನ್ನ ಮಾತಿನಲ್ಲಿ ಬರೆದ ಮಗುವಿಗೆ ಸುತ್ತು ಹಾಕಿ 'ಗೈಡ್ ನೋಡಿ ಬರಿ' ಅಂತ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಷ್ಟ್ರುಗಳನ್ನೂ ಸುಮ್ನೆ ಬೈಯಲಾರೆ. ಪೋರ್ಷನ್ ಮುಗಿಸಬೇಕು, ರಿಸಲ್ಟ್ ತೋರಿಸಬೇಕು. ಆದರೆ ಹತ್ತು ವರ್ಷ ಕಾಪಿ ಮಾಡುವುದನ್ನೇ ಕಲಿಸಿ, ಹನ್ನೊಂದನೇ ವರ್ಷ 'ನೋಟ್ಸ್ ಮಾಡ್ಕೊಳ್ಳೋಕೆ ಬರಲ್ವಾ' ಅಂತ ಕೇಳುವುದು ಅನ್ಯಾಯ. ಅದರಲ್ಲೂ ಸಂವೇಗ, ವೇಗೋತ್ಕರ್ಷ ಅಂತ ಕನ್ನಡದಲ್ಲಿ ಚೆನ್ನಾಗಿಯೇ ಕಲಿತು ಬಂದ ಮಗುವನ್ನು ಏನೂ ಬಾರದವಳ ಹಾಗೆ ಕೂರಿಸುವುದು ಇನ್ನೂ ದೊಡ್ಡ ಅನ್ಯಾಯ. ಈ ಮಾತನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಇನ್ನೂ ಬರೆಯುತ್ತೇನೆ.

ನಿಮ್ಮ ಮೇಲೂ ಒಂದು ಆಕ್ಷೇಪಣೆ ಇದೆ. ಇಂಗ್ಲಿಷ್ ಬಾರದು, ಸಹಾಯ ಮಾಡಲಾರೆ ಅಂತ ಬರೆದಿದ್ದೀರಿ. ಯಾಕಮ್ಮ ಆಗಲ್ಲ? ಮಗಳು ಎಡಗಡೆ ಕನ್ನಡದಲ್ಲಿ ಪ್ರಶ್ನೆ ಬರೆದಿರುತ್ತಾಳೆ. ರಾತ್ರಿ ಅಡುಗೆ ಮಾಡುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಲಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ಎಡಗಡೆಯದನ್ನು ಓದಿ ಕೇಳಿ: 'ಲಾರಿ ಮೆಲ್ಲಗೆ ಬಂದ್ರೂ ಯಾಕೆ ತಡೆಯಕ್ಕಾಗಲ್ಲ?' ನಿಮಗೆ ಅರ್ಥವಾಗುವ ಹಾಗೆ ಹೇಳುವವರೆಗೂ ಬಿಡಬೇಡಿ.