ಜೆಟ್ ಎಂಜಿನ್ ಮೊದಲು ಮಾಡಿದ್ದು ವಿಟಲ್ಲೋ, ಓಹೈನೋ? ಸೆಮಿನಾರ್‌ನಲ್ಲಿ ಯಾರ ಪರ ವಾದಿಸಲಿ?

ಯಾರ ಪರವೂ ಬೇಡ. ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿ ನಾನು ಇದೇ ವಿಷಯ ಹಿಡಿದಿದ್ದೆ, ಓಹೈನ್ ಪರ. ತಾರೀಖುಗಳೆಲ್ಲ ಬಾಯಿಪಾಠವಾಗಿದ್ದವು. ಬ್ರಿಟನ್ನಿನ ಫ್ರಾಂಕ್ ವಿಟಲ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1930ರ ಜನವರಿಯಲ್ಲಿ, ಎಂಜಿನ್ನನ್ನು ಮೊದಲು ಓಡಿಸಿದ್ದು 1937ರ ಏಪ್ರಿಲ್ 12ರಂದು. ಆದರೆ ಮೊದಲು ಹಾರಿದ್ದು ಜರ್ಮನಿಯ ಓಹೈನ್ ಎಂಜಿನ್ ಹೊತ್ತ ಹೈಂಕೆಲ್ 178 ವಿಮಾನ, 1939ರ ಆಗಸ್ಟ್ 27ರಂದು. ವಿಟಲ್ ಎಂಜಿನ್ನಿನ ಗ್ಲಾಸ್ಟರ್ ವಿಮಾನ ಮೇಲೇರಿದ್ದು 1941ರ ಮೇ 15ಕ್ಕೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಓಹೈನ್‌ರನ್ನು ಇನ್ನೂ ಎತ್ತಿ ಹಿಡಿಯುವ ಆಸೆಗೆ ಕೊನೆಯ ಸ್ಲೈಡಿನಲ್ಲಿ ಒಂದು ಸಾಲು ಸೇರಿಸಿದೆ: ಜರ್ಮನಿಯದೇ ಜೆಟ್ ಯುದ್ಧವಿಮಾನ ಮೆಸ್ಸರ್‌ಸ್ಮಿಟ್ 262ಕ್ಕೆ, ಓಹೈನ್ ಅಲ್ಲ, ಆನ್ಸೆಲ್ಮ್ ಫ್ರಾಂಜ್ ಮಾಡಿದ ಜುಮೋ 004 ಎಂಜಿನ್ನಿನ ಆಯಸ್ಸು 10ರಿಂದ 25 ಗಂಟೆ ಮಾತ್ರ, ಕಾರಣ ಕೆಟ್ಟ ವಿನ್ಯಾಸ.

ಪರೀಕ್ಷಕರು ಎಂಜಿನ್ ಕೆಲಸದಲ್ಲೇ ತಲೆ ನರೆತವರು. ಚೀಲದಿಂದ ಒಂದು ಹಳೆಯ ಟರ್ಬೈನ್ ಬ್ಲೇಡ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಗಾತ್ರಕ್ಕೆ ಮೀರಿದ ಭಾರ, ತುದಿ ಸುಟ್ಟು ನೀಲಿಗಟ್ಟಿತ್ತು. "ಇದು ಯಾವ ಲೋಹ ಹೇಳಪ್ಪ. ಹೋಗಲಿ, ಜುಮೋದ್ದು ಯಾವುದು?" ಎರಡಕ್ಕೂ ಬಾಯಿ ಬರಲಿಲ್ಲ. ಅವರ ಪ್ರಾಜೆಕ್ಟಿಗೆ ಇಬ್ಬರನ್ನು ಆರಿಸಿಕೊಂಡರು, ನನ್ನನ್ನು ಬಿಟ್ಟು.

ನನಗೆ ಅಂಕಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಬ್ಲೇಡ್ ಉರಿಯುವ ಅನಿಲದಲ್ಲಿ ಕೆಂಪಗೆ ಕಾಯುತ್ತಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಆ ಎಳೆತಕ್ಕೆ ಸಾಮಾನ್ಯ ಉಕ್ಕು ದಿನದಿನಕ್ಕೆ ಉದ್ದವಾಗುತ್ತಾ ಹೋಗಿ ಕೊನೆಗೆ ಮುರಿಯುತ್ತದೆ. ತಡೆಯಲು ನಿಕಲ್, ಕೋಬಾಲ್ಟ್ ಬೇಕು. ಫ್ರಾಂಜ್ ಜುಮೋದ ಮೊದಲ ಮಾದರಿ 004ಎಗೆ ಅವನ್ನು ಧಾರಾಳವಾಗಿ ಬಳಸಿದ್ದರು. ಯುದ್ಧದ ಜರ್ಮನಿಯಲ್ಲಿ ಸಾವಿರಾರು ಎಂಜಿನ್ನುಗಳಿಗೆ ಆಗುವಷ್ಟು ಆ ಲೋಹವೇ ಇರಲಿಲ್ಲ. ಹಾಗಾಗಿ ಮುಂದಿನ ಮಾದರಿ 004ಬಿಯ ದಹನಕೋಣೆ ಮಾಮೂಲಿ ಉಕ್ಕಿನದಾಯಿತು, ಮೇಲೆ ಅಲ್ಯೂಮಿನಿಯಂ ಲೇಪ. ಬ್ಲೇಡನ್ನು ಟೊಳ್ಳು ಮಾಡಿ ಒಳಗೆ ಗಾಳಿ ಹಾಯಿಸಿ ತಂಪಾಗಿಟ್ಟರು. ಬ್ರಿಟಿಷರ ಕೈಯಲ್ಲಿ ನಿಕಲ್-ಕ್ರೋಮಿಯಂನ ಮಿಶ್ರಲೋಹ ನಿಮೋನಿಕ್ 80 ಇತ್ತು. ಫ್ರಾಂಜ್ ಕೈಗೆ ಸಿಕ್ಕ ಉಕ್ಕಿನಲ್ಲಿ 25 ಗಂಟೆ ಓಡಿಸಿದ್ದೇ ದೊಡ್ಡ ವಿನ್ಯಾಸ, ಅದನ್ನೇ ನಾನು ಕೆಟ್ಟದ್ದು ಎಂದು ಬರೆದಿದ್ದೆ.

ಆದ್ದರಿಂದ 'ಯಾರು ಮೊದಲು' ಅನ್ನುವ ಪ್ರಶ್ನೆಯನ್ನೇ ಬಿಡಿ. ಯಾರ ಬಳಿ ಲೋಹ ಇತ್ತು, ಯಾರಿಗೆ ದುಡ್ಡು ಕೊಟ್ಟರು ಎಂದು ಕೇಳಿ. 1935ರಲ್ಲಿ ವಿಟಲ್ ಪೇಟೆಂಟ್ ಬಿದ್ದುಹೋದದ್ದು ನವೀಕರಣದ 5 ಪೌಂಡನ್ನು ವಾಯು ಸಚಿವಾಲಯ ಕೊಡದ್ದಕ್ಕೆ.

ಬೆಂಗಳೂರಿನವರಾದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ ಮಾರುತ ಯುದ್ಧವಿಮಾನ ನೋಡಿ ಬನ್ನಿ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ನಲ್ಲಿ ಅದನ್ನು ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ್ದರು. ಅದಕ್ಕೆಂದುಕೊಂಡಿದ್ದ ಬಲವಾದ ಆರ್ಫಿಯಸ್ ಎಂಜಿನ್ ಬರಲೇ ಇಲ್ಲ. 1961ರ ಜೂನ್ 17ರಂದು ಚಿಕ್ಕ ಆರ್ಫಿಯಸ್ಸಿನಲ್ಲೇ ಹಾರಿತು, ಆ ವೇಗ ಎಂದೂ ಮುಟ್ಟಲಿಲ್ಲ. ನಿಮ್ಮ ಮೊದಲ ಸ್ಲೈಡು ಅದೇ ಇರಲಿ.